ಇಪ್ಪತ್ತೊಂದು ಗೇಣು

ಮೈಸೂರಿನ ಕಣ್ಣಿನ ಡಾಕ್ಟರು ಚಿಕ್ಕಬಸಪ್ಪನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಅರ್ಧ ಗಂಟೆ ನೋಡಿದರು. ಆಮೇಲೆ ಹೊರಗೆ ಬಂದು ಕುರ್ಚಿಯಲ್ಲಿ ಕುಳಿತು, "ನಿಮ್ಮ ತಂದೆ ತಾಯಿ ಸಂಬಂಧದೊಳಗೇ ಮದುವೆಯಾದವರೇ?" ಎಂದು ಕೇಳಿದರು.

"ಊಂ ಸಾರ್. ನಮ್ಮವ್ವ ನಮ್ಮಪ್ಪನ ಅಕ್ಕನ ಮಗಳೇಯ."

ಡಾಕ್ಟರು ಬರೆದುಕೊಂಡರು. ಚಿಕ್ಕಬಸಪ್ಪನ ಹೆಂಡತಿ ಶಿವಮಲ್ಲಮ್ಮ ಬಿ.ಎಸ್ಸಿ. ಓದಿದವಳು, ತಾಳವಾಡಿಯ ಕನ್ನಡ ಶಾಲೆಯಲ್ಲಿ ಟೀಚರು ಎಂದು ತಿಳಿದ ಮೇಲೆ ಅವಳ ಕಡೆಗೇ ತಿರುಗಿ ಮಾತಾಡಿದರು. ಕೆರೆ ದಡದಿಂದ ಒಳಕ್ಕೆ ಬತ್ತುತ್ತಾ ಬರುವುದಿಲ್ಲವೇ, ಈ ಕಣ್ಣೂ ಹಾಗೆಯೇ, ಅಂಚಿನಿಂದ ನಡುವಿಗೆ ಒಣಗುತ್ತಾ ಬರುತ್ತದೆ. ಔಷಧಿ ಇಲ್ಲ, ಆಪರೇಷನ್ ಇಲ್ಲ, ಕನ್ನಡಕದಿಂದಲೂ ಏನೂ ಆಗುವುದಿಲ್ಲ. ಮೇಜಿನ ಮೇಲಿದ್ದ ಒಂದು ಕಾಗದವನ್ನು ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟು, "ಇದರೊಳಗಿಂದ ನೋಡಿ" ಎಂದರು. ಗೋಡೆಯ ಮೇಲಿನ ಗಡಿಯಾರವೊಂದು ಬಿಟ್ಟು ಬೇರೇನೂ ಕಾಣಲಿಲ್ಲ. "ಈಗ ನಿಮ್ಮ ಯಜಮಾನರಿಗೆ ಕಾಣೋದು ಇಷ್ಟು." ಸುರುಳಿ ಅವಳ ಕಣ್ಣಿಗೆ ಹಿಡಿದಂತೆಯೇ ಇರುವಾಗ ಅದನ್ನು ಇನ್ನಷ್ಟು ಬಿಗಿ ಮಾಡಿದರು. "ಇನ್ನೊಂದು ವರ್ಷಕ್ಕೆ ಇಷ್ಟು." ಗಡಿಯಾರದ ಮುಳ್ಳುಗಳು ಕೂಡುವ ನಡುವಿನ ಚುಕ್ಕೆ ಮಾತ್ರ ಉಳಿಯಿತು. ಮತ್ತೆ ಬಿಗಿ ಮಾಡಲು ಅವರ ಬೆರಳು ಬಂದಾಗ ಅವಳು ಕಾಗದವನ್ನು ಹಿಂದಕ್ಕೆಳೆದುಕೊಂಡಳು.

ಅದು 1981ರ ಜೂನ್ ತಿಂಗಳು. ಚಿಕ್ಕಬಸಪ್ಪನಿಗೆ ಆಗ ನಲವತ್ತೆಂಟು. ಎರಡು ವರ್ಷದಿಂದ ಸೂಚನೆಗಳಿದ್ದವು, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವನ ತಾಯಿಯ ಊರು ಗುಮಟಾಪುರ. ದೀಪಾವಳಿ ಕಳೆದ ಮೇಲೆ ಅಲ್ಲಿ ಗಂಡಸರೆಲ್ಲ ಸೇರಿ ಸಗಣಿ ಉಂಡೆಯಲ್ಲಿ ಹೊಡೆದಾಡುವಾಗ ಇವನಷ್ಟು ಚುರುಕಾಗಿ ತಪ್ಪಿಸಿಕೊಳ್ಳುವವರಿರಲಿಲ್ಲ. ಹಿಂದಿನ ವರ್ಷ ಪಕ್ಕದಿಂದ ಬಂದ ಉಂಡೆಗಳೆಲ್ಲ ಅವನ ಕಪಾಳಕ್ಕೇ ಬಿದ್ದವು. "ಮಾವನಿಗೆ ವಯಸ್ಸಾಯ್ತು ಕಣ್ರಲಾ" ಎಂದು ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ದೊಡ್ಡಗಾಜನೂರಿನ ತನ್ನ ಶೆಡ್ಡಿನಲ್ಲಿ ಆಯಿಲ್ ಇಂಜಿನ್ ರಿಪೇರಿ ಮಾಡುತ್ತಿದ್ದಾಗ, ಪಕ್ಕದಲ್ಲೇ ಓಡುತ್ತಿದ್ದ ಬೆಲ್ಟು ಕಾಣದೆ ಎರಡು ಬೆರಳಿನ ಉಗುರು ಕಿತ್ತುಕೊಂಡ ಮೇಲೆಯೇ ಶಿವಮಲ್ಲಮ್ಮ ಹಟ ಹಿಡಿದು ಮೈಸೂರಿಗೆ ಕರೆತಂದಿದ್ದಳು.

ವಾಪಸು ಬರುವಾಗ ಅವನು ಚಾಮರಾಜನಗರದಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ತರಿಸಿಕೊಂಡು ತಿಂದ. ತಾಳವಾಡಿ ಇನ್ನೂ ಎರಡು ಮೈಲಿ ಇದೆ ಎನ್ನುವಾಗ, "ಒಂದು ಕಾರು ಮಾಡ್ಬೇಕು ಕಣಮ್ಮಿ" ಎಂದ.

"ಕಾರೇ?"

"ದೊರೆ ಕಾರು. ಚಿಕ್ಕದಾಗಿ, ಎಂಟ್ರಲ್ಲಿ ಒಂದು ಪಾಲು. ಕಣ್ಣು ಮುಚ್ಚೋಕೆ ಮುಂಚೆ ಒಂದ್ಸಲ ಅದ ಪೂರ್ತಿ ನೋಡ್ಬುಡಬೇಕು."

ದೊರೆಯ ಕಾರಿನ ಕಥೆ ಶಿವಮಲ್ಲಮ್ಮನಿಗೆ ಮದುವೆಯಾದ ಹೊಸದರಿಂದಲೂ ಗೊತ್ತು. ಹಾಸನೂರಿನಾಚೆ ಕಾಡಂಚಿನಲ್ಲಿ ಒಬ್ಬ ಇಂಗ್ಲಿಷಿನವನ ತೋಟವಿತ್ತು. ಚಿಕ್ಕಬಸಪ್ಪನ ದೊಡ್ಡಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರು. ಹದಿಮೂರು ವರ್ಷದ ಹುಡುಗ ಬೇಸಿಗೆ ರಜೆಗೆ ದೊಡ್ಡಪ್ಪನ ಮನೆಗೆ ಹೋದಾಗ ಬಂಗಲೆಯ ಶೆಡ್ಡಿನಲ್ಲಿ ಅದನ್ನು ಕಂಡದ್ದು: ಇಬ್ಬರೇ ಕೂರುವ, ಚಾವಣಿ ಇಲ್ಲದ, ನೆಲಕ್ಕೆ ಅಂಟಿಕೊಂಡಂತೆ ಓಡುವ ರೇಸ್ ಕಾರು. ಎಲೆಹಸಿರು ಬಣ್ಣ. ಬಾನೆಟ್ಟಿನ ಮೇಲೆ ಅಡ್ಡಲಾಗಿ ಬಿಗಿದ ಚರ್ಮದ ಬೆಲ್ಟು. ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಎತ್ತರದ ಚಕ್ರಗಳು. ದೊರೆ ಅದನ್ನು ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲೂ ವೇಗ ತಗ್ಗಿಸದೆ ಹತ್ತಿಸುತ್ತಿದ್ದನಂತೆ. ಸದ್ದು ಕೇಳಿದರೆ ಆನೆಗಳೂ ರಸ್ತೆ ಬಿಡುತ್ತಿದ್ದವಂತೆ. ಮಾರನೆಯ ವರ್ಷ ದೊರೆ ಊರಿಗೆ ಹೊರಟ. ಕಾರು ಯಾರ ಪಾಲಾಯಿತೋ ಗೊತ್ತಿಲ್ಲ. ಒಂದು ಫೋಟೋ ಕೂಡ ಉಳಿದಿಲ್ಲ.

ಉಳಿದದ್ದು ಅಳತೆ. ದೊರೆ ಬೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಹುಡುಗ ಕಾರಿನ ಪಕ್ಕದಲ್ಲಿ ಮಂಡಿಯೂರಿ ಮೂತಿಯಿಂದ ಬಾಲದವರೆಗೂ ಗೇಣು ಹಾಕುತ್ತಾ ಅಳೆದಿದ್ದ. ಅಷ್ಟರಲ್ಲಿ ದೊಡ್ಡಪ್ಪ ಬಂದು, ಗದರುವ ಬದಲು ನಕ್ಕು, ಆಫೀಸಿನ ಕಬ್ಬಿಣದ ಅಡಿಪಟ್ಟಿ ತಂದು ಚಕ್ರವನ್ನು ಮಾತ್ರ ಸರಿಯಾಗಿ ಅಳೆದುಕೊಟ್ಟರು. ಬೇರೆಯದಕ್ಕೆ ಪಟ್ಟಿ ಹಿಡಿಯುವ ಮೊದಲೇ ದೊರೆಯ ನಾಯಿಗಳ ಬೊಗಳು ಕೇಳಿತು. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಎಲ್ಲವೂ ಇದೆ. ಉದ್ದ 21 ಗೇಣು. ಅಗಲ 8 ಗೇಣು. ಬಾನೆಟ್ಟು 8 ಗೇಣು. ಚಕ್ರ 28 ಅಂಗುಲ. ಮೂವತ್ತೈದು ವರ್ಷ ಈ ಅಂಕಿಗಳನ್ನು ಅವನು ಮಂತ್ರದ ಹಾಗೆ ಹೇಳಿಕೊಂಡು ಬಂದಿದ್ದ.

ಊರಿಗೆ ಬಂದ ಮೂರನೆಯ ದಿನವೇ ಕೆಂಪನಿಗೆ ಹೇಳಿ ಕಳಿಸಿದ. ಕೆಂಪ ಕಾಡೊಳಗಿನ ಹಾಡಿಯ, ಅವರ ಮಾತಿನಲ್ಲಿ ಪೋಡಿನ, ಸೋಲಿಗ. ಹುಡುಗನಾಗಿದ್ದಾಗ ಅವನೂ ದೊರೆಯ ತೋಟದಲ್ಲೇ ಕೂಲಿಗಿದ್ದವನು, ಮಳೆಗಾಲದಲ್ಲಿ ಕೆಸರಿಗೆ ಸಿಕ್ಕಿಬಿದ್ದ ಅದೇ ಕಾರನ್ನು ತಳ್ಳಿದವನು. ಅವನು ಬಿದ್ದ ಶಿವನಿ ಮರದ ಒಂದು ದಿಮ್ಮಿಯನ್ನು ಹೊತ್ತು ತಂದು ಹಾಕಿ, "ನೆಳ್ಳಲ್ಲಿ ಮಡುಗಿ ಅಪ್ಪಾರೆ. ನಾಕ್ ತಿಂಗ್ಳು ಮುಟ್ಬ್ಯಾಡಿ. ಅಸಿ ಮರಕ್ಕೆ ಉಳಿ ಇಟ್ರೆ ಸೀಳೋಯ್ತದೆ" ಎಂದು ಹೇಳಿ ಹೋದ.

ಆ ನಾಲ್ಕು ತಿಂಗಳು ಚಿಕ್ಕಬಸಪ್ಪ ಚಕ್ರಗಳನ್ನು ಮಾಡಿದ. ಸೈಕಲ್ಲಿನ ಬ್ರೇಕ್ ವೈರು ಬಿಚ್ಚಿದರೆ ಒಳಗೆ ಕೂದಲಿನಂಥ ಉಕ್ಕಿನ ಎಳೆಗಳಿರುತ್ತವೆ. ಅವನ್ನು ನೇರ ಮಾಡಿ, ತುಂಡರಿಸಿ, ಒಂದೊಂದು ಚಕ್ರಕ್ಕೆ ನಲವತ್ತೆಂಟು ಕಡ್ಡಿ. ಪಂಪ್‌ಸೆಟ್ಟಿನ ರಬ್ಬರ್ ವಾಷರಿನಿಂದ ಟೈರು. ಅವನಿಗೆ ಕಾಣುತ್ತಿದ್ದುದು ಒಂದು ಸಣ್ಣ ಉಂಗುರದಷ್ಟೇ ಜಾಗವಾದರೂ ಆ ಉಂಗುರದೊಳಗೆ ಎಲ್ಲವೂ ಸೂಜಿಯಷ್ಟು ಚೂಪಾಗಿ ಕಾಣುತ್ತಿತ್ತು. ಇಪ್ಪತ್ತೆಂಟನ್ನು ಎಂಟರಿಂದ ಭಾಗಿಸಿದರೆ ಮೂರೂವರೆ ಅಂಗುಲ. ನಾಲ್ಕು ಚಕ್ರಗಳೂ ಅಷ್ಟೇ ಇದ್ದವು, ಒಂದು ನೂಲಿನಷ್ಟೂ, ಅಂಗುಲದ ಎಂಟನೇ ಒಂದು ಪಾಲಿನಷ್ಟೂ, ಹೆಚ್ಚು ಕಡಿಮೆಯಿಲ್ಲ.

ದೀಪಾವಳಿ ಕಳೆದ ಮೇಲೆ ದಿಮ್ಮಿಗೆ ಕೈ ಹಾಕಿದ.

"ಗೇಣು ಅಂದ್ರೆ ಎಷ್ಟು, ಟೀಚ್ರಮ್ಮ?" ಎಂದು ಹೆಂಡತಿಯನ್ನು ಪರೀಕ್ಷೆ ಮಾಡುವವನಂತೆ ಕೇಳಿದ.

"ಒಂಬತ್ತು ಅಂಗುಲ" ಎಂದಳು ಅವಳು, ಒಲೆಯ ಮುಂದಿನಿಂದ.

"ಇಪ್ಪತ್ತೊಂದೊಂಬತ್ಲ?"

"ನೂರ ಎಂಬತ್ತೊಂಬತ್ತು."

"ಅದ್ರಲ್ಲಿ ಎಂಟ್ರ ಪಾಲು ಇಪ್ಪತ್ಮೂರೂವರೆ ಚಿಲ್ರೆ. ಪಾಸಾದೆ ನೋಡು!"

ಸಂಕ್ರಾಂತಿಯ ಹೊತ್ತಿಗೆ ಒಡಲು ಮೂಡಿತ್ತು. ಅವನು ಬೆಳಿಗ್ಗೆ ಜಗಲಿಯ ಬಿಸಿಲಿಗೆ ಕುಳಿತರೆ ಬಿಸಿಲು ಹೋಗುವವರೆಗೂ ಏಳುತ್ತಿರಲಿಲ್ಲ. ಮೂತಿಯ ತಿರುವಿನಲ್ಲಿ ಉಂಗುರವನ್ನಿಟ್ಟು ಅಷ್ಟನ್ನು ಕೆತ್ತುವುದು, ಅಲ್ಲಿಂದ ಬೆರಳಗಲ ಮುಂದಕ್ಕೆ ಸರಿಯುವುದು. ಸತ್ಯಮಂಗಲದ ಅಂಗಡಿಯವರು ಉಪ್ಪುತ್ತಾಳ್ ಎನ್ನುವ ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ಮರವನ್ನು ಮಗುವಿನ ಕೆನ್ನೆಯಷ್ಟು ನಯ ಮಾಡಿದ್ದ. ಊಟಕ್ಕೆ ಕೂತಾಗಲೂ ಅದರದೇ ಮಾತು. ಮೈಸೂರಿನಿಂದ ಬಂದ ಮೇಲೆ ಅವನು ಮುಂದೇನು ಎಂದು ಒಂದು ದಿನವೂ ಕೇಳಿರಲಿಲ್ಲ. ಅದಕ್ಕಾಗಿ ಶಿವಮಲ್ಲಮ್ಮ ಆ ಮರದ ತುಂಡಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು.

ಶಿವರಾತ್ರಿಯ ಹಿಂದಿನ ವಾರ ಆರನೆಯ ತರಗತಿಗೆ ಅಳತೆಯ ಪಾಠ ಬಂತು. ಪ್ರತಿ ವರ್ಷ ಮಾಡುವ ಪಾಠ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ತನ್ನ ಮೇಜನ್ನು ಗೇಣಿನಲ್ಲಿ ಅಳೆಸಿ, ಬಂದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದಳು. ಅವಳ ಕೈಗೆ ಏಳು ಗೇಣು. ಹಿಂದಿನ ಬೆಂಚಿನ ಉದ್ದನೆಯ ಹುಡುಗನಿಗೆ ಎಂಟು. ಸಿದ್ದಿ ಎಂಬ ಸೋಲಿಗರ ಹುಡುಗಿಗೆ ಒಂಬತ್ತು.

"ಮೇಜು ಒಂದೇ. ಗೇಣು ಮಾತ್ರ ಯಾಕೆ ಬೇರೆ ಬೇರೆ?" ಎಂದು ಕೇಳಿದಳು.

ಸಿದ್ದಿ ತನ್ನ ಅಂಗೈಯನ್ನು ಎತ್ತಿ ತೋರಿಸಿದಳು. "ನನ್ ಕೈ ಚಿಕ್ಕದಲ್ವಾ ಟೀಚರ್."

ಮಕ್ಕಳೆಲ್ಲ ನಕ್ಕರು. ಶಿವಮಲ್ಲಮ್ಮ ಸೀಮೆಸುಣ್ಣ ಹಿಡಿದ ಕೈಯನ್ನು ಬೋರ್ಡಿನಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಹದಿಮೂರು ತುಂಬಿದವರು ಯಾರಾದರೂ ಇದ್ದೀರಾ ಎಂದು ಕೇಳಿದಳು. ಎರಡು ಸಲ ನಪಾಸಾಗಿದ್ದ ಆ ಉದ್ದನೆಯ ಹುಡುಗನೇ ಎದ್ದು ನಿಂತ. ಅವನ ಗೇಣನ್ನು ಅಡಿಪಟ್ಟಿಯಲ್ಲಿ ಅಳೆದಳು. ಏಳು ಅಂಗುಲ.

ಮನೆಗೆ ಬಂದು, ಚಿಕ್ಕಬಸಪ್ಪ ಹಿತ್ತಲಿಗೆ ಹೋದ ಹೊತ್ತು ನೋಡಿ, ಪೆಟ್ಟಿಗೆಯಿಂದ ಆ ಹಾಳೆಯನ್ನು ತೆಗೆದಳು. ದುಂಡುದುಂಡಗಿನ, ಮಕ್ಕಳ ಅಕ್ಷರ. ಇದನ್ನು ಅವಳು ಎಷ್ಟು ಸಲ ನೋಡಿದ್ದಳು! ಇಪ್ಪತ್ತೊಂದೇಳಲ ನೂರ ನಲವತ್ತೇಳು. ಎಂಟರ ಪಾಲು ಹದಿನೆಂಟೂವರೆಗೆ ಸ್ವಲ್ಪ ಕಡಿಮೆ. ಜಗಲಿಯ ಮೇಲಿದ್ದ ಕಾರಿನ ಒಡಲು ಐದು ಅಂಗುಲ ಉದ್ದವಾಗಿತ್ತು. ಅಗಲ, ಬಾನೆಟ್ಟು ಎಲ್ಲವೂ ಅದೇ ಲೆಕ್ಕದಲ್ಲಿ ಉಬ್ಬಿತ್ತು. ಅಡಿಪಟ್ಟಿ ಹಿಡಿದು ಅಳೆದ ಚಕ್ರಗಳು ಮಾತ್ರ ಸರಿಯಾಗಿದ್ದವು. ಒಂದು ಚಕ್ರವನ್ನು ತಂದು ಒಡಲಿನ ಪಕ್ಕದಲ್ಲಿಟ್ಟು ನೋಡಿದಳು. ಕೆಲವು ದಿನಗಳಿಂದ ತನ್ನೊಳಗೆ ಕೊರೆಯುತ್ತಿದ್ದ ಅಸಮಾಧಾನ ಏನೆಂದು ಈಗ ತಿಳಿಯಿತು. ಕಣ್ಣಿದ್ದವರು ಯಾರು ನೋಡಿದರೂ ಇದು ಸರಿಯಿಲ್ಲ ಎನ್ನುತ್ತಾರೆ. ಅವನಿಗೆ ಮಾತ್ರ ಗೊತ್ತಾಗಿಲ್ಲ, ಯಾಕೆಂದರೆ ಅವನು ಕಾರನ್ನು ಎಂದೂ ಇಡಿಯಾಗಿ ನೋಡಿಲ್ಲ. ಒಂದೊಂದು ಸಲಕ್ಕೂ ಒಂದೊಂದು ಉಂಗುರದಷ್ಟು ನೋಡಿದ್ದಾನೆ. ಆ ಉಂಗುರಗಳೆಲ್ಲವೂ ಸುಂದರವಾಗಿವೆ.

ಒಂಬತ್ತು ಅಂಗುಲ ಎಂದು ಒಲೆಯ ಮುಂದಿನಿಂದ ಹೇಳಿದ್ದವಳು ತಾನೇ.

ಶಿವಮಲ್ಲಮ್ಮ ಮಾತನ್ನು ಅಳೆದು ತೂಗಿ ಆಡುವವಳು ಎಂದು ಊರಲ್ಲಿ ಹೆಸರಾಗಿದ್ದಳು. ಈ ಮಾತನ್ನೂ ತೂಗತೊಡಗಿದಳು. ಇಂದು ಬೇಡ, ಸೋಮವಾರ, ಉಪವಾಸದಲ್ಲಿದ್ದಾರೆ. ನಾಳೆ. ಮಾರನೆಯ ದಿನ ಅವನು ಹಿಂಭಾಗದ ತಿರುವನ್ನು ಉಜ್ಜುತ್ತಾ ಸಣ್ಣಗೆ ಗುನುಗುತ್ತಿದ್ದ. ಗುನುಗುವವನನ್ನು ಹೇಗೆ ತಡೆಯುವುದು? ಹೊಸ ದಿಮ್ಮಿ ತರಬೇಕು, ಒಣಗಲು ನಾಲ್ಕು ತಿಂಗಳು ಬೇಕು, ಕೆತ್ತಲು ಮತ್ತೆ ಮೂರು. ಅಷ್ಟರಲ್ಲಿ ಡಾಕ್ಟರು ಹೇಳಿದ ವರ್ಷ ಮುಗಿದು ಹೋಗುತ್ತದೆ. ಹೇಳಿ ಅವನ ಕೈಯಿಂದ ಇದನ್ನು ಕಿತ್ತುಕೊಂಡರೆ ಬದಲಿಗೆ ಏನು ಕೊಡುವುದು? ಹೀಗೆ ಲೆಕ್ಕ ಹಾಕುತ್ತಾ ಹಾಕುತ್ತಾ ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಹೋದ ಒಂದೊಂದು ವಾರವೂ ಮುಂದಿನ ವಾರ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು.

ಒಂದು ಬೆಳಿಗ್ಗೆ ಧೈರ್ಯ ಮಾಡಿ, ಕಾಫಿ ಲೋಟ ಕೊಡುತ್ತಾ, "ಚಕ್ರ ಸ್ವಲ್ಪ ಚಿಕ್ಕದಾಯಿತೇನೋ ಅನ್ನಿಸುತ್ತೆ ಕಣ್ರೀ" ಎಂದಳು.

"ಬೇರೆ ಏನ್ ತಪ್ಪಾದ್ರೂ ಚಕ್ರ ತಪ್ಪಾಗಕಿಲ್ಲ ಕಣಮ್ಮಿ. ದೊಡ್ಡಪ್ಪ ಅಡಿಪಟ್ಟಿ ಇಡ್ದು ಅಳ್ದವ್ರೆ. ಕಬ್ಬಿಣದ ಪಟ್ಟಿ ಸುಳ್ ಯೋಳ್ತದಾ?"

"ಅದಲ್ಲ, ಮಿಕ್ಕಿದ್ದೆಲ್ಲ..."

"ಮಿಕ್ಕಿದ್ದು ನನ್ ಕೈ." ಅವನು ಬಲಗೈಯನ್ನು ಅವಳ ಮುಖದ ಮುಂದೆ ಬಿಚ್ಚಿ ಹಿಡಿದ. ಮೂವತ್ತು ವರ್ಷ ಸ್ಪ್ಯಾನರು ತಿರುಗಿಸಿದ ದಪ್ಪ ಬೆರಳುಗಳು, ಹೊಸದಾಗಿ ಹುಟ್ಟುತ್ತಿದ್ದ ಉಗುರು. "ನನ್ ಕೈ ಮ್ಯಾಲೆ ನಂಬ್ಕೆ ಇಲ್ವಾ ನಿಂಗೆ?"

ಅವಳು ಲೋಟವನ್ನು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು.

ಆಮೇಲೆ ಬಣ್ಣವಾಯಿತು, ಎಲೆಹಸಿರು, ಮೂರು ಸಲ. ಟೀ ಸೋಸುವ ಜಾಲರಿ ರೇಡಿಯೇಟರಿನ ಮುಂಭಾಗವಾಯಿತು. ಹಳೆಯ ವಾಚಿನ ಬೆಲ್ಟು ಬಾನೆಟ್ಟಿನ ಬೆಲ್ಟಾಯಿತು. ಇಂಜಿನ್ನಿನ ಡೀಸೆಲ್ ಹೋಗುವ ತಾಮ್ರದ ಕೊಳವೆ ಪಕ್ಕಕ್ಕೆ ಬಾಗಿ ಹೊಗೆ ಕೊಳವೆಯಾಯಿತು. ಯುಗಾದಿ ಕಳೆದ ವಾರ ಚಕ್ರಗಳನ್ನು ಕೂರಿಸಿದ. ಆ ಹೊತ್ತಿಗೆ ಅವನು ಮನೆಯೊಳಗೂ ಗೋಡೆ ಸವರಿಕೊಂಡೇ ನಡೆಯುತ್ತಿದ್ದ. ಒಂದೊಂದು ಚಕ್ರ ಕೂರಿಸಿದಾಗಲೂ, "ನೆಟ್ಟಗದಾ?" ಎಂದು ಕೇಳುತ್ತಿದ್ದ. ಚಕ್ರಗಳು ನೆಟ್ಟಗೇ ಇದ್ದವು. "ನೆಟ್ಟಗಿದೆ" ಎನ್ನುತ್ತಿದ್ದಳು. ಅದರಲ್ಲಿ ಸುಳ್ಳಿರಲಿಲ್ಲ, ಆದ್ದರಿಂದ ಆ ಮಾತು ಅವಳಿಗೆ ಸುಲಭವಾಗಿ ಬರುತ್ತಿತ್ತು.

ಅದೇ ವಾರ ಕೆಂಪ ಜೇನು ತಂದುಕೊಡಲು ಬಂದ. ಚಿಕ್ಕಬಸಪ್ಪ ಸ್ನಾನಕ್ಕೆ ಹೋಗಿದ್ದ. ಜಗಲಿಯ ಮೇಲಿದ್ದ ಕಾರನ್ನು ಕೆಂಪ ಆ ಕಡೆಯಿಂದ ಈ ಕಡೆಯಿಂದ ಬಗ್ಗಿ ನೋಡಿದ, ತಲೆ ಕೆರೆದುಕೊಂಡ.

"ಅಮ್ಮಾರೆ, ಇದು ದೊರೆ ಕಾರಾ? ಬೋ ಉಂಡ್ಬುಟ್ಟದಲ್ಲ ಇದು! ಬಸುರಿ ಎಮ್ಮೆಗೆ ಮೇಕೆ ಕಾಲು ಕಟ್ದಂಗದೆ."

"ಮೆತ್ತಗೆ, ಕೆಂಪ."

"ನಾ ತಳ್ಳಿವ್ನಿ ಅಮ್ಮಾರೆ ಆ ಕಾರ. ಚಕ್ರ ನನ್ ತೊಡೆತಂಕ ಬತ್ತಿತ್ತು. ಇದ್ರದ್ದು..."

"ಗೊತ್ತು. ನನಗೆ ಗೊತ್ತು." ಬಚ್ಚಲಿನಲ್ಲಿ ನೀರು ಹುಯ್ಯುವ ಸದ್ದು ನಿಂತಿತು. ಅವಳು ಇನ್ನೂ ಹತ್ತಿರ ಹೋಗಿ ಪಿಸುಗುಟ್ಟಿದಳು. "ಅವರ ಹತ್ತಿರ ಹೇಳಬೇಡ. ಕೇಳಿದರೆ ಚೆನ್ನಾಗಿದೆ ಅನ್ನು. ಅವರ ಮನಸ್ಸು ನೋಯಬಾರದು, ಅಷ್ಟೆ."

ಕೆಂಪನ ಮುಖದ ನಗೆ ಹೋಯಿತು. ಟವೆಲು ಸುತ್ತಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಚಿಕ್ಕಬಸಪ್ಪ ಹೊರಗೆ ಬಂದ. "ಯಾರ್ಲಾ ಅದು, ಕೆಂಪನಾ? ಜೇನಿನ ವಾಸ್ನೆ ಬತ್ತಾದೆ, ಕೆಂಪನ್ ವಾಸ್ನೆ ಬತ್ತಾ ಇಲ್ವಲ್ಲ, ಇವತ್ತು ಮೈ ತೊಳ್ಕಂಡ್ ಬಂದಿದ್ದೀಯಾ? ನೋಡ್ದಾ ಕಾರ? ಎಂಗದ್ಲಾ?"

ಕೆಂಪ ಅಮ್ಮಾರ ಮುಖ ನೋಡಿದ. "ಬೋ ಚೆಂದಾಗದೆ ಅಪ್ಪಾರೆ. ಆ ದೊರೆ ಈಗ ಬಂದ್ರೆ ಇದ್ನೇ ಅತ್ಕಂಡು ಒಂಟೋಯ್ತಾನೆ."

ಚಿಕ್ಕಬಸಪ್ಪ ಗಟ್ಟಿಯಾಗಿ ನಕ್ಕ. ಕೆಂಪ ಜೇನಿನ ಡಬ್ಬಿ ಇಟ್ಟು, ಅವಳ ಕಡೆ ತಿರುಗದೆ ಹೋದ.

ಮೇ ತಿಂಗಳಲ್ಲಿ ಶಾಲೆಗೆ ರಜೆ ಬಂತು. ಒಂದು ದಿನ ನಡು ಹಗಲು ಚಿಕ್ಕಬಸಪ್ಪ, "ಇವತ್ತು ನೋಡ್ಬುಡ್ತೀನಿ" ಎಂದ. ಮನೆಯೊಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅವನ ಉಂಗುರದಲ್ಲಿ ಕಾರಿನ ಅರ್ಧವೇ ಹಿಡಿಯುತ್ತಿತ್ತು. ದೂರ ಹೋದಷ್ಟೂ ಉಂಗುರದೊಳಗೆ ಹೆಚ್ಚು ಸೇರುತ್ತದೆ. ಅದಕ್ಕೆ ಹಿತ್ತಲಾಚೆಯ ಹೊಲವೇ ಆಗಬೇಕು. ರಾಗಿ ಕೊಯ್ದು ಬಯಲಾಗಿದ್ದ ಹೊಲ. ಬಿಸಿಲು ಚೆನ್ನಾಗಿತ್ತು.

ಶಿವಮಲ್ಲಮ್ಮ ಮಣೆಯೊಂದನ್ನು ಹೊಲದಲ್ಲಿಟ್ಟು, ಅದರ ಮೇಲೆ ಕಾರನ್ನಿಟ್ಟಳು. ಇಡುವಾಗ ಅದರ ಮೂತಿಯನ್ನು ಅವನು ನಿಲ್ಲುವ ಕಡೆಗೆ ತಿರುಗಿಸಿದಳು. ಎದುರಿನಿಂದ ನೋಡಿದರೆ ಉದ್ದ ಅಷ್ಟಾಗಿ ತಿಳಿಯುವುದಿಲ್ಲ. ಅವನು ಅವಳ ಭುಜ ಬಿಟ್ಟು, ಎಣಿಸುತ್ತಾ ಹಿಂದಕ್ಕೆ ಹೆಜ್ಜೆ ಹಾಕಿದ. ಐದು. ಎಂಟು. ಬದುವಿನ ಕಲ್ಲಿಗೆ ಹಿಮ್ಮಡಿ ತಾಗಿ ತಡವರಿಸಿದ, ನಿಂತ. ಅವಳು ಓಡಿಹೋಗಲಿಲ್ಲ, ಓಡಿಹೋದರೆ ಬಯ್ಯುತ್ತಾನೆ. ಹನ್ನೆರಡು. ಹದಿನೈದು.

"ಮೂತಿ ಕಾಣ್ತದೆ" ಎಂದು ಕೂಗಿದ. "ಪಕ್ಕಕ್ಕೆ ತಿರುಗ್ಸು."

"ಹೀಗೇ ಚೆನ್ನಾಗಿದೆ ಕಣ್ರೀ. ಬಿಸಿಲು ಜಾಲರಿಯ ಮೇಲೆ ಬೀಳ್ತಿದೆ."

"ತಿರುಗ್ಸಮ್ಮಿ."

ಅವಳು ತಿರುಗಿಸಿದಳು. ಅದಕ್ಕಿಂತ ನಿಧಾನವಾಗಿ ತಿರುಗಿಸಲು ಯಾರಿಂದಲೂ ಆಗುತ್ತಿರಲಿಲ್ಲ. ತಿರುಗಿಸಿ ಪಕ್ಕಕ್ಕೆ ಸರಿದು ನಿಂತಳು. ಅವನು ತಲೆಯನ್ನು ಸಣ್ಣಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ ಹುಡುಕಿದ. ಆಮೇಲೆ ತಲೆ ನಿಂತಿತು. ಸಿಕ್ಕಿತು. ಅವನ ಮುಖದ ಮೇಲೆ ಒಂದು ನಗೆ ಆಗಲೇ ಸಿದ್ಧವಾಗಿತ್ತು. ಅದು ಅಲ್ಲೇ ಉಳಿಯಿತು, ಯಾರೋ ತೆಗೆದುಕೊಂಡು ಹೋಗಲು ಮರೆತಂತೆ.

"ಇದ್ಯಾವ್ದಮ್ಮಿ ಕಾರು?" ಎಂದ.



ಅವನು ಹದಿನೈದು ಹೆಜ್ಜೆಯನ್ನೂ ನೇರವಾಗಿ ನಡೆದು ಬಂದ. ಮಣೆಯ ಮುಂದೆ ಮಂಡಿಯೂರಿ ಚಕ್ರದ ಮೇಲೆ ಕೈಯಿಟ್ಟ. "ಚಕ್ರ ಚಿಕ್ಕವು."

"ಚಕ್ರ ಸರಿಯಾಗಿವೆ." ಎಷ್ಟೋ ವಾರಗಳಿಂದ ಜೋಡಿಸಿಟ್ಟಿದ್ದ ವಾಕ್ಯಗಳಲ್ಲಿ ಒಂದೂ ಈಗ ಬಾಯಿಗೆ ಬರಲಿಲ್ಲ. "ಒಡಲು ದೊಡ್ಡದಾಯಿತು. ನೀವು ಅಳೆದಾಗ ಹದಿಮೂರು ವರ್ಷ. ಆ ವಯಸ್ಸಿನ ಗೇಣು ಏಳೇ ಅಂಗುಲ. ನಾನು ಒಂಬತ್ತು ಅಂತ ಹೇಳಿಬಿಟ್ಟೆ. ನಾವು ಇಬ್ಬರೂ ಒಂಬತ್ತು ಅಂತ ಹಿಡಿದುಬಿಟ್ಟೆವು."

ಅವನು ತನ್ನ ಗೇಣನ್ನು ಬಾನೆಟ್ಟಿನ ಮೇಲೆ ಹಾಸಿದ, ತೆಗೆದ. "ಈಗ ಒಳೀತಾ ನಿಂಗೆ?"

ಹೌದು ಎಂದುಬಿಡಬಹುದಾಗಿತ್ತು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನು ಮುಖವೆತ್ತಿ ಅವಳನ್ನು ಹುಡುಕುತ್ತಿದ್ದ, ಅವಳ ಕಿವಿಯೋಲೆಯ ಬಳಿ ಎಲ್ಲೋ ನೋಡುತ್ತಿದ್ದ. ಅವಳ ಬಾಯಲ್ಲಿ ಆ ಸುಳ್ಳು ಹೊರಡಲಿಲ್ಲ.

"ಶಿವರಾತ್ರಿಗೆ ಮುಂಚೆ."

ಅವನು ಬೆರಳು ಮಡಚುತ್ತಾ ತಿಂಗಳುಗಳನ್ನು ಎಣಿಸಿದ. "ಆಗ ನಾನಿನ್ನೂ ಒಬ್ನೇ ಕೆರೆ ತಂಕ ಓಗ್ಬತ್ತಿದ್ದೆ" ಎಂದ. "ಆಗ ಯೋಳಿದ್ರೆ ನಂಗೆ ಕಣ್ಣಿತ್ತು."

"ಹೇಳಬೇಕು ಅಂತಲೇ ಇದ್ದೆ ರೀ. ನಿಮಗೆ ನೋವಾಗುತ್ತೆ ಅಂತ..."

"ಕೆಂಪ ನೋಡ್ದಾಗ?"

"ನಾನೇ ಬೇಡ ಅಂದೆ."

ಅವನು ಬಯ್ಯಲಿಲ್ಲ. ಎದ್ದು, ಕೈ ಚಾಚಿ, ಅವಳ ಭುಜಕ್ಕಾಗಿ ಅಲ್ಲ, ಬೇಲಿಗಾಗಿ ತಡಕಾಡಿ, ಬೇಲಿ ಹಿಡಿದುಕೊಂಡು ಮನೆಗೆ ಹೋದ. ಅಂಗೈಗೆ ಮುಳ್ಳು ಚುಚ್ಚಿ ರಕ್ತ ಬಂದದ್ದನ್ನು ಅವಳು ನೋಡಿದಳು. ಅದನ್ನು ತೊಳೆಯಲು ನೀರು ತಂದಾಗ, ಅವನಾಗಲೇ ತೊಳೆದುಕೊಂಡಾಗಿತ್ತು.

ಅವತ್ತಿನಿಂದ ಚಿಕ್ಕಬಸಪ್ಪ ಅವಳನ್ನು ಏನನ್ನೂ ಕೇಳುವುದನ್ನು ಬಿಟ್ಟ. ಮಾತಾಡುತ್ತಿದ್ದ. ಊಟ ಚೆನ್ನಾಗಿದೆ ಎನ್ನುತ್ತಿದ್ದ, ಬಸ್ಸು ತಡವಾಯಿತು ಎನ್ನುತ್ತಿದ್ದ. ಕಣ್ಣು ಬೇಕಾದ ಯಾವ ಪ್ರಶ್ನೆಯೂ ಅವಳ ಕಡೆಗೆ ಬರುತ್ತಿರಲಿಲ್ಲ. ಅಂಗಿಯ ಗುಂಡಿ ಸರಿಯಾಗಿ ಹಾಕಿದೆಯೇ ಎಂದು ಬೇಲಿಯಾಚೆಯ ಮಾದೇವಮ್ಮನನ್ನು ಕೂಗಿ ಕೇಳುತ್ತಿದ್ದ. ಮಾದೇವಮ್ಮ, "ಯಾಕಣ್ಣಾ, ಮನೇಲಿ ಇಷ್ಟು ಓದ್ದವ್ಳು ಇಲ್ವಾ ನೋಡಾಕೆ?" ಎಂದು ನಗೆಯಾಡಿದರೆ, "ಅವ್ಳು ಒಳ್ಳೇವ್ಳು ಕಣವ್ವ. ಚೆಂದಾಗದೆ ಅಂತ್ಲೇ ಅಂತಾಳೆ" ಎನ್ನುತ್ತಿದ್ದ. ಟವೆಲು ಹಿಡಿದು ಪಕ್ಕದಲ್ಲೇ ನಿಂತಿದ್ದ ಶಿವಮಲ್ಲಮ್ಮ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ಜೂನ್ ಕೊನೆಯ ವಾರ, ಒಂದು ಭಾನುವಾರ, ಕೆಂಪ ಇನ್ನೊಂದು ದಿಮ್ಮಿ ಹೊತ್ತು ತಂದ. ಅವಳಿಗೆ ಯಾರೂ ಹೇಳಿರಲಿಲ್ಲ. ಬಡಗಿ ನಂಜಯ್ಯ ಹಿಂದಿನ ದಿನವೇ ಬಂದು, ತನ್ನ ಟೇಪು ಹಿಡಿದು ಹದಿನೆಂಟು ಅಂಗುಲ ಮೂರು ನೂಲು ಎಂದು ಲೆಕ್ಕ ಮಾಡಿಕೊಟ್ಟು ಹೋಗಿದ್ದನಂತೆ. ಈ ದಿನ ಮತ್ತೆ ಬಂದು ದಿಮ್ಮಿಯ ಮೇಲೆ ಅವನೇ ಕಪ್ಪು ಗೆರೆ ಎಳೆದುಕೊಟ್ಟು, ಮದುವೆ ಮನೆಗೆ ಹೋಗಬೇಕೆಂದು ಬೇಗ ಹೊರಟುಹೋದ.

"ಅಸಿ ಮರ ಅಪ್ಪಾರೆ" ಎಂದ ಕೆಂಪ. "ನಾಕ್ ತಿಂಗ್ಳು..."

"ನಾಕ್ ತಿಂಗ್ಳು ನನ್ ಕಣ್ ಕಾಯ್ತದೇನ್ಲಾ? ಇವತ್ತೇ ಕುಯ್ದ್ಬುಡವ. ನಾನು ಪೂರ್ತಿ ನೋಡಾಕಾಗದಿದ್ರೂ ಓಗ್ಲಿ. ಸರ್ಯಾಗಿರೋದು ಒಂದು ಈ ಮನೇಲಿ ಇರ್ಬೇಕು."

ಹಿತ್ತಲಿನಲ್ಲಿ ದಿಮ್ಮಿಯನ್ನು ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಮಲಗಿಸಿದರು. ಕೆಂಪ ಒಂದು ತುದಿ ಅದುಮಿ ಹಿಡಿದ. ಚಿಕ್ಕಬಸಪ್ಪ ಬೆರಳಿನಿಂದ ಗೆರೆಯ ಮೊದಲನ್ನು ಹುಡುಕಿ ಗರಗಸವಿಟ್ಟ. ಹಸಿ ಮರದಿಂದ ಒದ್ದೆ ಹೊಟ್ಟು ಉಂಡೆಯುಂಡೆಯಾಗಿ ಬೀಳತೊಡಗಿತು. ಅವನಿಗೆ ಗರಗಸದ ಹಲ್ಲು ಕಚ್ಚುತ್ತಿದ್ದ ಜಾಗವಷ್ಟೇ ಕಾಣುತ್ತಿತ್ತು, ಮುಂದಿನ ಗೆರೆ ಕಾಣುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಮಲ್ಲಮ್ಮನಿಗೆ ಎಲ್ಲವೂ ಕಾಣುತ್ತಿತ್ತು. ಎರಡು ಅಂಗುಲ ನೇರವಾಗಿ ಹೋದ ಗರಗಸ ಮರದ ನಾರನ್ನು ಹಿಡಿದು ಮೆಲ್ಲಗೆ ಎಡಕ್ಕೆ ಹೊರಳಿತು.

ಈ ಸಲ ಅವಳು ತೂಗಲಿಲ್ಲ. "ರೀ, ಗರಗಸ ಎಡಕ್ಕೆ ಹೋಗ್ತಿದೆ" ಎಂದು ಕೂಗಿದಳು.

ಗರಗಸ ನಿಂತಿತು. ಚಿಕ್ಕಬಸಪ್ಪ ಅವಳ ಕಡೆ ತಿರುಗಲಿಲ್ಲ. "ಅವ್ದೇನ್ಲಾ ಕೆಂಪ?"

ಕೆಂಪ ಗೆರೆ ನೋಡಿದ. ಗರಗಸ ನೋಡಿದ. ಆಮೇಲೆ ಬೆವರಿಳಿಯುತ್ತಿದ್ದ ಅಪ್ಪಾರ ಮುಖ ನೋಡಿದ, ಬಾಗಿಲಲ್ಲಿದ್ದ ಅಮ್ಮಾರ ಮುಖ ನೋಡಿದ.

"ಇಲ್ಲ ಅಪ್ಪಾರೆ" ಎಂದ. "ನೆಟ್ಟಗೇ ಅದೆ."

"ಇಲ್ಲ ಕಣ್ರೀ, ಕೆಂಪ ಸುಮ್ಮನೆ ಹೇಳ್ತಿದ್ದಾನೆ. ಆಗಲೇ ಅರ್ಧ ಅಂಗುಲ ಆಚೆ ಹೋಗಿದೆ. ನನ್ನ ಮಾತು ಕೇಳಿ. ಸ್ವಲ್ಪ ನಿಲ್ಲಿಸಿ."

"ಬಿಗ್ಯಾಗಿ ಇಡ್ಕೊಳ್ಳಾ" ಎಂದ ಚಿಕ್ಕಬಸಪ್ಪ.

ಅವಳು ಮೆಟ್ಟಿಲಿಳಿದು ಬಂದು ದಿಮ್ಮಿಯ ಪಕ್ಕದಲ್ಲಿ ನಿಂತಳು. "ಕೆಂಪ, ನಿಜ ಹೇಳು" ಎಂದಳು. ಕೆಂಪ ತಲೆ ತಗ್ಗಿಸಿ ಮರವನ್ನು ಇನ್ನಷ್ಟು ಬಲವಾಗಿ ಅದುಮಿದ. ಗರಗಸ ಮತ್ತೆ ಓಡತೊಡಗಿತು. ಒದ್ದೆ ಹೊಟ್ಟು ಅವಳ ಪಾದದ ಮೇಲೆ ಬೀಳುತ್ತಿತ್ತು. ನಂಜಯ್ಯ ಎಳೆದಿದ್ದ ಕಪ್ಪು ಗೆರೆ, ಗರಗಸದಿಂದ ಹೆಬ್ಬೆರಳಿನಗಲ ದೂರದಲ್ಲಿ, ಹಾಗೆಯೇ ಇತ್ತು.